ನಿನ್ನೆ ಸರಿಯಿದ್ದ ಕಾಲು ಇವತ್ತೇಕೆ ನೋಯುತ್ತಿದೆ?

ಬೆಂಗಳೂರಿನ ಪುಲಿಕೇಶಿನಗರದ ಮಾಸ್ಕ್ ರಸ್ತೆಯಲ್ಲಿ ಸಂಜೆ ಯಾವುದಾದರೂ ಔಷಧಿ ಅಂಗಡಿಯ ಮುಂದೆ ಒಂದಿಷ್ಟು ಹೊತ್ತು ನಿಂತರೆ ಈ ಮಾತು ಕಿವಿಗೆ ಬೀಳುತ್ತದೆ: “ಕಾಲು ನೋವು ಭಾಯ್. ಬಿದ್ದಿಲ್ಲ, ಉಳುಕಿಲ್ಲ. ಬೆಳಿಗ್ಗೆಯಿಂದ ಊರೋಕೇ ಆಗ್ತಿಲ್ಲ. ಏನಾದ್ರೂ ಮಾತ್ರೆ ಕೊಡಿ.” ಕೊಡುವವರೂ ಹೆಚ್ಚು ವಿಚಾರಿಸುವುದಿಲ್ಲ. ನೋವಿಗೆ ನಾಲ್ಕು ಮಾತ್ರೆ, ಗ್ಯಾಸ್ ಆಗದಿರಲಿ ಅಂತ ಇನ್ನೆರಡು, ಹಚ್ಚಿಕೊಳ್ಳಲು ಒಂದು ಟ್ಯೂಬು. ಹಿಮ್ಮಡಿ ನೋವೆಂದು ಬಂದ ಗೃಹಿಣಿಗೂ, ಹೆಬ್ಬೆರಳು ಕೆಂಪಗೆ ಊದಿಸಿಕೊಂಡು ಬಂದ ಯುವಕನಿಗೂ, ಇಪ್ಪತ್ತು ವರ್ಷದಿಂದ ಸಕ್ಕರೆ ಕಾಯಿಲೆ ಇರುವ ಹಿರಿಯರಿಗೂ ಅದೇ ಪೊಟ್ಟಣ. ಮೊದಲನೆಯವರಿಗೆ ಅದರಿಂದ ಹೆಚ್ಚು ಪ್ರಯೋಜನವಿಲ್ಲ. ಎರಡನೆಯವರಿಗೆ ತಾತ್ಕಾಲಿಕ ಉಪಶಮನ ಸಿಕ್ಕೀತು. ಮೂರನೆಯವರ ಮೂತ್ರಪಿಂಡ ಆಗಲೇ ದುರ್ಬಲವಾಗಿದ್ದರೆ ಅದೇ ಮಾತ್ರೆ ಕೆಡುಕು ಮಾಡುತ್ತದೆ. ಅದಕ್ಕಿಂತ ಮುಖ್ಯವಾಗಿ, ಕಾಲು ಕಳೆದುಕೊಳ್ಳುವ ಹಾದಿಯಲ್ಲಿ ಅವರಿದ್ದಾರೆ ಎಂಬುದು ಯಾರಿಗೂ ಗೊತ್ತಾಗದೆ ಹೋಗುತ್ತದೆ.

ನಮ್ಮ ಒಂದೊಂದು ಪಾದದಲ್ಲಿ 26 ಮೂಳೆಗಳು, 33 ಕೀಲುಗಳಿವೆ. ಅವುಗಳನ್ನು ಹಿಡಿದಿಡುವ ಕಟ್ಟುಗಳು, ಎಳೆದಾಡುವ ಸ್ನಾಯುರಜ್ಜುಗಳು, ನಡುವೆ ಹಾಯುವ ನರ ಮತ್ತು ರಕ್ತನಾಳಗಳು ನೂರಾರು. ಇಷ್ಟು ಸಣ್ಣ ಜಾಗದಲ್ಲಿ ಇಷ್ಟೊಂದು ಇರುವಾಗ ‘ಕಾಲು ನೋವು’ ಎಂಬ ಎರಡು ಪದದಿಂದ ವೈದ್ಯರಿಗೂ ಏನೂ ತಿಳಿಯುವುದಿಲ್ಲ. ಆದರೆ ಪಾದದ ನೋವಿನಲ್ಲಿ ಒಂದು ಅನುಕೂಲವಿದೆ. ಎಲ್ಲಿ ನೋವು ಎಂದು ಒಂದೇ ಬೆರಳಿಟ್ಟು ತೋರಿಸಿ, ಯಾವಾಗ ಹೆಚ್ಚು ಎಂದು ನೆನಪು ಮಾಡಿಕೊಂಡು, ಆ ಜಾಗ ಬಿಸಿಯೋ ತಣ್ಣಗೋ, ಬಣ್ಣ ಏನು ಎಂದು ಮುಟ್ಟಿ ನೋಡಿ ಹೇಳಿದರೆ ಅರ್ಧ ರೋಗನಿರ್ಣಯ ಅಲ್ಲೇ ಆಗಿಬಿಡುತ್ತದೆ. ‘ಕಾರಣವಿಲ್ಲದ ನೋವು’ ಎಂದು ನಾವು ಕರೆಯುವುದರಲ್ಲಿ ಬಹುಪಾಲು, ಈ ಮೂರು ಪ್ರಶ್ನೆಗಳನ್ನು ಯಾರೂ ಕೇಳದ ನೋವು.

ಅತಿ ಹೆಚ್ಚು ಜನರನ್ನು ಕಾಡುವುದು ಹಿಮ್ಮಡಿ. ಬೆಳಿಗ್ಗೆ ಹಾಸಿಗೆಯಿಂದ ಇಳಿದು ಮೊದಲ ಹೆಜ್ಜೆ ಇಟ್ಟಾಗ ಹಿಮ್ಮಡಿಯ ಒಳಬದಿಗೆ ಮೊಳೆ ಹೊಡೆದಂಥ ನೋವು. ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋಗಬೇಕು. ಹತ್ತು ಹೆಜ್ಜೆ ನಡೆದ ಮೇಲೆ ಸ್ವಲ್ಪ ಸಡಿಲ. ಕಾಫಿ ಕುಡಿಯಲು ಕೂತು ಮತ್ತೆ ಎದ್ದರೆ ಪುನಃ ಅದೇ ಕತೆ. ಈ ಚಹರೆ ಎಷ್ಟು ಸ್ಪಷ್ಟವೆಂದರೆ ಸಾಮಾನ್ಯವಾಗಿ ಎಕ್ಸ್‌ರೇ ಕೂಡ ಬೇಕಾಗುವುದಿಲ್ಲ. ಹಿಮ್ಮಡಿ ಮೂಳೆಯಿಂದ ಬೆರಳುಗಳ ಬುಡದವರೆಗೆ ಅಂಗಾಲಿನ ಉದ್ದಕ್ಕೂ ಬಿಲ್ಲಿನ ಹೆದೆಯ ಹಾಗೆ ಬಿಗಿದಿರುವ ದಪ್ಪನೆಯ ಪಟ್ಟಿಯೊಂದಿದೆ. ಪಾದದ ಕಮಾನು ಕುಸಿಯದಂತೆ ತಡೆಯುವುದು ಅದರ ಕೆಲಸ. ದಿನವೆಲ್ಲ ನಿಂತು, ಮೈತೂಕ ಹೆಚ್ಚಿ, ಮೀನಖಂಡ ಬಿಗಿದು ಆ ಪಟ್ಟಿ ಹಿಮ್ಮಡಿಗೆ ಅಂಟಿರುವ ಕಡೆ ಸವೆಯುತ್ತದೆ. ರಾತ್ರಿ ಮಲಗಿದಾಗ ಪಾದ ಕೆಳಕ್ಕೆ ಬಾಗಿ ಪಟ್ಟಿ ಮುದುಡಿಕೊಂಡಿರುತ್ತದೆ. ಬೆಳಿಗ್ಗೆ ಒಮ್ಮೆಲೇ ಇಡೀ ಮೈಭಾರ ಬಿದ್ದಾಗ ಎಳೆತಕ್ಕೆ ಸಿಕ್ಕುತ್ತದೆ. ಪ್ಲಾಂಟಾರ್ ಫೇಸಿಯೈಟಿಸ್ ಎಂದು ವೈದ್ಯರ ಚೀಟಿಯಲ್ಲಿ ಬರೆಯುವುದು ಇದನ್ನೇ.

ಇದಕ್ಕೊಂದು ಸುಲಭದ ವ್ಯಾಯಾಮವಿದೆ, ದುಡ್ಡು ಬೇಕಿಲ್ಲ. ಹಾಸಿಗೆಯಿಂದ ಇಳಿಯುವ ಮೊದಲೇ ನೋಯುವ ಕಾಲನ್ನು ಇನ್ನೊಂದು ತೊಡೆಯ ಮೇಲಿಟ್ಟುಕೊಳ್ಳಿ. ಅದೇ ಬದಿಯ ಕೈಯಿಂದ ಐದೂ ಬೆರಳುಗಳನ್ನು ಹಿಡಿದು ಮೊಣಕಾಲ ಕಡೆಗೆ ಹಿಂದಕ್ಕೆ ಎಳೆಯಿರಿ. ಇನ್ನೊಂದು ಕೈಯ ಹೆಬ್ಬೆರಳಿನಿಂದ ಅಂಗಾಲನ್ನು ಒತ್ತಿ ನೋಡಿದರೆ ಪಟ್ಟಿ ಹುರಿಯಂತೆ ಬಿಗಿದಿರುವುದು ತಿಳಿಯುತ್ತದೆ. ಹತ್ತು ಎಣಿಸುವಷ್ಟು ಹೊತ್ತು ಹಿಡಿದು ಬಿಡಿ. ಹೀಗೆ ಹತ್ತು ಸಲ ಮಾಡಿ, ಆಮೇಲೆ ನೆಲಕ್ಕೆ ಕಾಲಿಡಿ. ದಿನಕ್ಕೆ ಮೂರು ಹೊತ್ತು ಇದನ್ನು ಮಾಡಿ, ಮೀನಖಂಡವನ್ನೂ ಗೋಡೆಗೆ ಕೈಕೊಟ್ಟು ನಿಂತು ಎಳೆಸಿಕೊಂಡು, ಮನೆಯೊಳಗೂ ಮೆತ್ತನೆಯ ಚಪ್ಪಲಿ ಹಾಕಿಕೊಂಡರೆ ಹತ್ತರಲ್ಲಿ ಎಂಟೊಂಬತ್ತು ಜನಕ್ಕೆ ಒಂದು ವರ್ಷದೊಳಗೆ ಶಸ್ತ್ರಚಿಕಿತ್ಸೆ ಇಲ್ಲದೆ ಗುಣವಾಗುತ್ತದೆ. ವರ್ಷ ಎಂದರೆ ದೀರ್ಘ ಎನಿಸುತ್ತದೆ, ನಿಜ. ಆದರೆ ಬೇಗ ಗುಣವಾಗಲೆಂದು ಹಿಮ್ಮಡಿಗೆ ಪದೇ ಪದೇ ಸ್ಟಿರಾಯ್ಡ್ ಚುಚ್ಚಿಸಿಕೊಂಡರೆ ಪಟ್ಟಿಯೇ ಹರಿಯಬಹುದು, ಹಿಮ್ಮಡಿಯ ಕೊಬ್ಬಿನ ಮೆತ್ತೆ ಕರಗಬಹುದು. ಎಕ್ಸ್‌ರೇಯಲ್ಲಿ ‘ಮೂಳೆ ಬೆಳೆದಿದೆ’ ಎಂದು ತೋರಿಸಿ ಯಾರಾದರೂ ಹೆದರಿಸಿದರೆ ಗಾಬರಿ ಬೇಡ. ನೋವೇ ಇಲ್ಲದ ಎಷ್ಟೋ ಜನರ ಹಿಮ್ಮಡಿಯಲ್ಲೂ ಅಂಥ ಮುಳ್ಳು ಇರುತ್ತದೆ.

ಮನೆಯೊಳಗೆ ಚಪ್ಪಲಿ ಎಂದರೆ ನಮ್ಮಲ್ಲಿ ಅನೇಕರಿಗೆ ಇರಿಸುಮುರಿಸು. 1898ರ ಪ್ಲೇಗ್ ಮಾರಿಯ ನಂತರ ಗಾಳಿ ಬೆಳಕಿಗೆ ಜಾಗ ಬಿಟ್ಟು ಕಟ್ಟಿದ ಬಡಾವಣೆ ನಮ್ಮ ಪುಲಿಕೇಶಿನಗರ. ಇಲ್ಲಿನ ಹಳೆಯ ಬಂಗಲೆಗಳ ಕೆಂಪು ಗಾರೆಯ ನೆಲವಿರಲಿ, ಅವುಗಳನ್ನು ಕೆಡವಿ ಎದ್ದ ಅಪಾರ್ಟ್‌ಮೆಂಟುಗಳ ವಿಟ್ರಿಫೈಡ್ ಟೈಲ್ಸ್ ಇರಲಿ, ಬರಿಗಾಲಿಗೆ ಎರಡೂ ಕಲ್ಲೇ. ಅಡುಗೆಮನೆಯಲ್ಲಿ ನಿಂತೇ ದಿನ ಕಳೆಯುವ ಹೆಂಗಸರು ಅಲ್ಲಿಗೆಂದೇ ಒಂದು ಜೊತೆ ಪ್ರತ್ಯೇಕ ಚಪ್ಪಲಿ ಇಟ್ಟುಕೊಂಡರೆ ಮಡಿಗೂ ಭಂಗವಿಲ್ಲ, ಕಾಲಿಗೂ ನೆಮ್ಮದಿ.

ಹಿಮ್ಮಡಿ ನೋವಿನ ಮಾತು ಬಂದಾಗ ನನಗೆ ಮೊದಲು ಕಣ್ಣಮುಂದೆ ಬರುವವರು ಅಂಗಡಿ ಕೆಲಸದವರು. ಕಮರ್ಷಿಯಲ್ ಸ್ಟ್ರೀಟಿನ ಬಟ್ಟೆ ಅಂಗಡಿಗಳಲ್ಲಿ, ಶಿವಾಜಿನಗರದ ಚಪ್ಪಲಿ ಅಂಗಡಿಗಳಲ್ಲಿ, ಈ ಕಡೆಯ ಬೇಕರಿ ಹೋಟೆಲುಗಳಲ್ಲಿ ಬೆಳಿಗ್ಗೆ ಹತ್ತರಿಂದ ರಾತ್ರಿ ಹತ್ತರವರೆಗೆ ನಿಂತೇ ಇರುವ ಹುಡುಗರು, ಹೆಣ್ಣುಮಕ್ಕಳು. ಗಿರಾಕಿ ಇಲ್ಲದಾಗಲೂ ಕೂರುವ ಹಾಗಿಲ್ಲ ಎಂಬುದು ಬಹಳ ಅಂಗಡಿಗಳಲ್ಲಿ ಬರೆಯದ ನಿಯಮ. ಕೋಯಿಕ್ಕೋಡಿನ ಜವಳಿ ಅಂಗಡಿಗಳ ಹೆಣ್ಣುಮಕ್ಕಳು ಇದರ ವಿರುದ್ಧ ಹೋರಾಡಿದ ಫಲವಾಗಿ ಕೇರಳ 2018ರಲ್ಲಿ ಕೂರುವ ಹಕ್ಕನ್ನು ಕಾನೂನಿಗೆ ಸೇರಿಸಿತು. 2021ರಲ್ಲಿ ತಮಿಳುನಾಡು ಅದೇ ದಾರಿ ಹಿಡಿಯಿತು. ಒಂದು ಸ್ಟೂಲ್ ಹಾಕಲು ಬೆಂಗಳೂರಿನ ಮಾಲೀಕರು ಯಾವ ಕಾನೂನಿಗೂ ಕಾಯಬೇಕಿಲ್ಲ. ನಿಂತ ಕಾಲಿನ ನೋವಿಗೆ ಮಾತ್ರೆಗಿಂತ ಕುರ್ಚಿ ದೊಡ್ಡ ಔಷಧಿ ಎಂದು ನಾನು ದೃಢವಾಗಿ ನಂಬಿದ್ದೇನೆ.

ಇನ್ನು, ರಾತ್ರಿ ಸುಖವಾಗಿ ಮಲಗಿದವರನ್ನು ನಡುರಾತ್ರಿ ಎಬ್ಬಿಸಿ ಕೂರಿಸುವ ನೋವು. ಕಾಲಿನ ಹೆಬ್ಬೆರಳಿನ ಬುಡ ಕೆಂಡದ ಹಾಗೆ ಕೆಂಪಾಗಿ, ಬಿಸಿಯಾಗಿ, ಊದಿ ಹೊಳೆಯುತ್ತಿರುತ್ತದೆ. ಹೊದಿಕೆಯ ಅಂಚು ತಾಗಿದರೂ ಜೀವ ಹೋಗುತ್ತದೆ. ಇದು ಗೌಟ್. ಆಯುರ್ವೇದದ ವಾತರಕ್ತದ ವರ್ಣನೆ ಬಹುಮಟ್ಟಿಗೆ ಇದಕ್ಕೆ ಹೊಂದುತ್ತದೆ. ರಕ್ತದಲ್ಲಿ ಯೂರಿಕ್ ಆಮ್ಲ ಡೆಸಿಲೀಟರಿಗೆ ಸುಮಾರು 6.8 ಮಿಲಿಗ್ರಾಂ ದಾಟಿದರೆ ಅದು ಕರಗಿ ಉಳಿಯುವುದು ಕಷ್ಟ. ದೇಹದ ತುದಿಯಾದ ಕಾಲ್ಬೆರಳು ಉಳಿದ ಭಾಗಕ್ಕಿಂತ ತಂಪು. ತಂಪಿನಲ್ಲಿ ಹರಳುಗಟ್ಟುವುದು ಇನ್ನೂ ಸುಲಭ. ಸೂಜಿಯಂಥ ಆ ಹರಳುಗಳ ಮೇಲೆ ದೇಹದ ರಕ್ಷಣಾ ಕಣಗಳು ಮುಗಿಬೀಳುವುದೇ ಈ ಉರಿಯೂತ. ಒಂದು ದಿನದೊಳಗೆ ತಾರಕಕ್ಕೇರಿ, ಏನೂ ಮಾಡದಿದ್ದರೂ ಒಂದೆರಡು ವಾರದಲ್ಲಿ ಇಳಿದುಹೋಗುತ್ತದೆ. ಹೀಗೆ ತಾನೇ ಇಳಿಯುವುದರಿಂದಲೇ ಜನ ಇದನ್ನು ಮರೆತು, ಆರು ತಿಂಗಳ ನಂತರ ಮತ್ತೆ ಸಿಕ್ಕಿಬೀಳುತ್ತಾರೆ.

ಪುಲಿಕೇಶಿನಗರದವರಿಗೆ ಈ ರೋಗದ ಬಗ್ಗೆ ಒಂದು ಮಾತು ಹೆಚ್ಚಾಗಿ ಹೇಳಬೇಕು. ರಂಜಾನ್ ತಿಂಗಳಲ್ಲಿ ಇಡೀ ಬೆಂಗಳೂರೇ ಇಲ್ಲಿಗೆ ಊಟಕ್ಕೆ ಬರುತ್ತದೆ. ಹಲೀಮ್, ಪಾಯಾ ಸೂಪು, ಲಿವರ್ ಫ್ರೈ, ಕೀಮಾ ಸಮೋಸ, ಮೇಲೊಂದು ಸಿಹಿ ಶರಬತ್ತು. ಮಾಂಸದಲ್ಲಿ, ಅದರಲ್ಲೂ ಈಲಿ ಗುಂಡಿಕಾಯಿಗಳಲ್ಲಿ ಯೂರಿಕ್ ಆಮ್ಲವಾಗಿ ಮಾರ್ಪಡುವ ಪ್ಯೂರಿನ್ ಹೆಚ್ಚು. ಬಿಯರ್ ಮತ್ತು ಸಕ್ಕರೆ ತುಂಬಿದ ತಂಪು ಪಾನೀಯಗಳೂ ಆಮ್ಲವನ್ನು ಏರಿಸುತ್ತವೆ. ಮೈಯಲ್ಲಿ ನೀರು ಕಡಿಮೆಯಾದಾಗ ಹರಳು ಬೇಗ ಕಟ್ಟುತ್ತದೆ. ಹಾಗೆಂದು ಊಟದ ಬೀದಿಯ ಮೇಲೆಯೇ ಪೂರಾ ತಪ್ಪು ಹೊರಿಸುವುದು ಸರಿಯಲ್ಲ. ಶುದ್ಧ ಸಸ್ಯಾಹಾರಿಗಳಿಗೂ ಗೌಟ್ ಬರುತ್ತದೆ, ಏಕೆಂದರೆ ಹೆಚ್ಚಿನವರಲ್ಲಿ ಮೂಲ ಸಮಸ್ಯೆ ಮೂತ್ರಪಿಂಡ ಆಮ್ಲವನ್ನು ಸರಿಯಾಗಿ ಹೊರಹಾಕದಿರುವುದು. ಅದು ಮನೆತನದಿಂದಲೂ ಬರಬಹುದು, ಬಿ.ಪಿ.ಗೆ ಕೊಡುವ ‘ನೀರಿನ ಮಾತ್ರೆ’ಯಿಂದಲೂ ಬರಬಹುದು. ಯೂರಿಕ್ ಆಮ್ಲ ಹೆಚ್ಚಿದೆ ಎಂದ ಕೂಡಲೇ ತೊಗರಿಬೇಳೆ ಸಾರು, ಪಾಲಕ್ ಸೊಪ್ಪು ನಿಲ್ಲಿಸುವವರು ತುಂಬ ಜನ. ಬೇಳೆ, ತರಕಾರಿಗಳ ಪ್ಯೂರಿನ್‌ನಿಂದ ಗೌಟ್ ಹೆಚ್ಚುವುದಿಲ್ಲ ಎಂಬುದು ದೊಡ್ಡ ಅಧ್ಯಯನಗಳಲ್ಲಿ ಕಂಡುಬಂದಿದೆ. ಬಡವರ ತಟ್ಟೆಯಿಂದ ಬೇಳೆ ಕಿತ್ತುಕೊಳ್ಳುವ ಈ ಸಲಹೆ ಇನ್ನಾದರೂ ನಿಲ್ಲಬೇಕು.

ಮತ್ತೊಂದು ಗೊಂದಲ ರಕ್ತ ಪರೀಕ್ಷೆಯದು. ನೋವು ಜೋರಾಗಿರುವಾಗ ಯೂರಿಕ್ ಆಮ್ಲದ ಮಟ್ಟ ‘ನಾರ್ಮಲ್’ ಎಂದೇ ಬರಬಹುದು. ಅದನ್ನು ನೋಡಿ ಗೌಟ್ ಅಲ್ಲವೆಂದು ಕೈಬಿಡಬಾರದು, ನೋವಿಳಿದು ಎರಡು ವಾರವಾದ ಮೇಲೆ ಮತ್ತೆ ಪರೀಕ್ಷಿಸಬೇಕು. ಆಮ್ಲ ಇಳಿಸುವ ಮಾತ್ರೆಯನ್ನು ನಿತ್ಯ ತೆಗೆದುಕೊಳ್ಳುತ್ತಿರುವವರು ನೋವು ಬಂತೆಂದು ಅದನ್ನು ನಿಲ್ಲಿಸಬಾರದು. ನೋವಿಗೆ ಕೊಡುವ ಕಾಲ್ಚಿಸಿನ್ ಹಳೆಯ, ಒಳ್ಳೆಯ ಔಷಧಿ. ಆದರೆ ಪ್ರಮಾಣ ಮೀರಿದರೆ ವಿಷ. ನಮ್ಮ ಬೇಲಿಗಳಲ್ಲಿ ಅರಳುವ ಅಗ್ನಿಶಿಖೆಯ ಗೆಡ್ಡೆಯಲ್ಲಿರುವುದೂ ಅದೇ ರಾಸಾಯನಿಕ. ನಾಟಿ ಮದ್ದೆಂದು ಅದನ್ನು ತಿಂದು ಪ್ರಾಣಕ್ಕೆ ತಂದುಕೊಂಡವರಿದ್ದಾರೆ. ಮೊದಲ ಸಲ ಒಂದೇ ಕೀಲು ಹೀಗೆ ಕೆಂಪಾಗಿ ಊದಿ ಜ್ವರವೂ ಇದ್ದರೆ, ಗೌಟ್ ಎಂದು ಮನೆಯಲ್ಲೇ ತೀರ್ಮಾನಿಸಬೇಡಿ. ಕೀಲಿನೊಳಗೆ ಕೀವು ತುಂಬಿದ್ದರೂ ಅದು ಹಾಗೆಯೇ ಕಾಣುತ್ತದೆ. ಅದನ್ನು ಅದೇ ದಿನ ವೈದ್ಯರಿಗೆ ತೋರಿಸಬೇಕು.

ಪುಲಿಕೇಶಿನಗರ ಸೇರಿರುವ ಈ ದಂಡು (ಕಂಟೋನ್ಮೆಂಟ್) ಪ್ರದೇಶಕ್ಕೆ ಹತ್ತಿರದ ನಂಟಿರುವ ಇನ್ನೊಂದು ಕಾಲು ನೋವಿದೆ. 1855ರಲ್ಲಿ ಪ್ರಷ್ಯಾದ ಸೇನಾ ವೈದ್ಯ ಬ್ರೈಟ್‌ಹಾಪ್ಟ್, ಉದ್ದುದ್ದ ಕವಾಯತು ಮಾಡಿದ ಸಿಪಾಯಿಗಳ ಪಾದ ಯಾವ ಪೆಟ್ಟೂ ಇಲ್ಲದೆ ಊದಿ ನೋಯುವುದನ್ನು ದಾಖಲಿಸಿದ. ಎಕ್ಸ್‌ರೇ ಬಂದ ಮೇಲೆ ಕಾರಣ ಗೊತ್ತಾಯಿತು: ಬೆರಳುಗಳ ಹಿಂದಿನ ಉದ್ದ ಮೂಳೆಗಳಲ್ಲಿ ಕೂದಲೆಳೆಯಂಥ ಬಿರುಕು. ‘ಮಾರ್ಚ್ ಫ್ರಾಕ್ಚರ್’ ಎಂಬ ಹೆಸರು ಬಂದದ್ದು ಆ ನಡಿಗೆಯಿಂದಲೇ. 1809ರಿಂದ ಪಲ್ಟನ್ನುಗಳ ಬೂಟಿನ ಸದ್ದು ಕೇಳಿದ ಈ ದಂಡಿನಲ್ಲಿ ಆ ನೋವು ಅನುಭವಿಸಿದ ಸಿಪಾಯಿಗಳು ಎಷ್ಟಿದ್ದರೋ! ಇವತ್ತು ಅದೇ ಬಿರುಕು ಇಲ್ಲಿನ ಕೋಲ್ಸ್ ಪಾರ್ಕಿಗೆ ಬರುವವರ ಕಾಲಿಗೆ ಬಂದಿದೆ. ಎರಡು ಸುತ್ತು ನಡೆಯುತ್ತಿದ್ದವರು ಡಾಕ್ಟರು ತೂಕ ಇಳಿಸಿ ಎಂದರೆಂದು ಒಂದೇ ವಾರದಲ್ಲಿ ಹತ್ತು ಸುತ್ತಿಗೆ ಏರುತ್ತಾರೆ. 2008ರಿಂದ ನಡೆಯುತ್ತಿರುವ ಬೆಂಗಳೂರಿನ ಹತ್ತು ಕಿಲೋಮೀಟರ್ ಓಟಕ್ಕೆ ಹೆಸರು ಕೊಟ್ಟವರು ತಿಂಗಳಿದೆ ಎನ್ನುವಾಗ ತಯಾರಿ ಶುರುಮಾಡುತ್ತಾರೆ. ಮೂಳೆ ತನ್ನನ್ನು ಗಟ್ಟಿ ಮಾಡಿಕೊಳ್ಳಲು ಕೇಳುವ ಸಮಯವನ್ನು ನಾವು ಕೊಡುವುದಿಲ್ಲ. ಮುಟ್ಟು ನಿಂತ ಹೆಂಗಸರಲ್ಲಿ, ವಿಟಮಿನ್ ಡಿ ಕಡಿಮೆ ಇರುವವರಲ್ಲಿ ಒಂದು ಮದುವೆ ಮನೆಯ ಓಡಾಟವೇ ಸಾಕಾಗಬಹುದು.

ಇದನ್ನು ಗುರುತಿಸುವ ಬಗೆ ಸರಳ. ಪಾದದ ಮೇಲ್ಭಾಗದಲ್ಲಿ ಬೆರಳ ತುದಿಯಷ್ಟು ಜಾಗ ಒತ್ತಿದರೆ ಮಾತ್ರ ಪ್ರಾಣ ಹೋಗುವ ನೋವು, ನಡೆದಂತೆಲ್ಲ ಹೆಚ್ಚು, ಕೂತರೆ ಕಡಿಮೆ. ಹಿಮ್ಮಡಿ ಪಟ್ಟಿಯ ನೋವಿಗೆ ಇದು ಪೂರ್ತಿ ವಿರುದ್ಧ. ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಏನೂ ಕಾಣದೇ ಇರಬಹುದು. ‘ಎಕ್ಸ್‌ರೇ ಸರಿಯಿದೆ, ನಡೀರಿ’ ಎಂಬ ಮಾತು ಕೇಳಿ ಓಟ ಮುಂದುವರಿಸಿದವರ ಬಿರುಕು ಪೂರಾ ಮುರಿತವಾಗುತ್ತದೆ. ಭಾರ ಹಾಕದೆ ಆರರಿಂದ ಎಂಟು ವಾರ ಬಿಟ್ಟರೆ ಸಾಮಾನ್ಯವಾಗಿ ಕೂಡಿಕೊಳ್ಳುತ್ತದೆ. ಕಿರುಬೆರಳಿನ ಸಾಲಿನ ಬುಡದಲ್ಲಿ ಬಿರುಕಾಗಿದ್ದರೆ ಮಾತ್ರ ಹೆಚ್ಚು ಎಚ್ಚರ ಬೇಕು, ಅಲ್ಲಿಗೆ ರಕ್ತ ಹರಿಯುವುದು ಕಡಿಮೆ.

ಇಲ್ಲಿಯವರೆಗೆ ಹೇಳಿದ್ದು ನೋವಿನ ಕತೆ. ನನಗೆ ನಿಜವಾಗಿ ಹೆದರಿಕೆ ಹುಟ್ಟಿಸುವುದು ಸರಿಯಾಗಿ ನೋಯದ ಕಾಲು.

2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ ಸಕ್ಕರೆ ಕಾಯಿಲೆಯವರು ಹತ್ತು ಕೋಟಿಗೂ ಹೆಚ್ಚು. ವರ್ಷಗಟ್ಟಲೆ ಸಕ್ಕರೆ ಹಿಡಿತದಲ್ಲಿಲ್ಲದಿದ್ದರೆ ಪಾದದ ನರಗಳು ತುದಿಯಿಂದ ಸಾಯುತ್ತ ಬರುತ್ತವೆ. ಮೊದಮೊದಲು ರಾತ್ರಿ ಹೊತ್ತು ಅಂಗಾಲುರಿ, ಇರುವೆ ಹರಿದಂತೆ, ಜೋಮು ಹಿಡಿದಂತೆ. ಚಾದರ ಒದ್ದು ತಣ್ಣನೆ ನೆಲಕ್ಕೆ ಕಾಲಿಡುವವರು ನಮ್ಮೆಲ್ಲರ ಮನೆಯಲ್ಲೂ ಇದ್ದಾರೆ. ಕೆಲವು ವರ್ಷದ ನಂತರ ಉರಿ ತಾನಾಗಿ ಕಡಿಮೆಯಾಗುತ್ತದೆ. ವಾಸಿಯಾಯಿತೆಂದು ಮನೆಮಂದಿ ಸಮಾಧಾನಪಡುತ್ತಾರೆ. ಆದರೆ ಅಲ್ಲಿ ಆಗಿರುವುದು ನೋವನ್ನು ಮುಟ್ಟಿಸುವ ನರವೇ ಸತ್ತುಹೋಗಿರುವುದು. ಆಮೇಲೆ ಚಪ್ಪಲಿಯೊಳಗಿನ ಸಣ್ಣ ಕಲ್ಲು ದಿನವಿಡೀ ಒತ್ತಿದರೂ ತಿಳಿಯುವುದಿಲ್ಲ. ಏಪ್ರಿಲ್ ಬಿಸಿಲಲ್ಲಿ ಕಾದ ದೇವಸ್ಥಾನದ ಅಂಗಳದಲ್ಲಿ, ಹರಕೆ ಹೊತ್ತು ಬರಿಗಾಲಲ್ಲಿ ನಡೆಯುವ ಟಾರು ರಸ್ತೆಯಲ್ಲಿ ಅಂಗಾಲು ಬೊಬ್ಬೆಯೆದ್ದರೂ ಗೊತ್ತಾಗುವುದು ಮನೆಗೆ ಬಂದು ಕಾಲು ತೊಳೆಯುವಾಗ.

ಇದೇ ಜನರಲ್ಲಿ ಒಂದು ದಿನ ಪಾದ ಇದ್ದಕ್ಕಿದ್ದಂತೆ ಊದುತ್ತದೆ, ಕೆಂಪಾಗುತ್ತದೆ, ಮುಟ್ಟಿದರೆ ಇನ್ನೊಂದು ಪಾದಕ್ಕಿಂತ ಸ್ಪಷ್ಟವಾಗಿ ಬಿಸಿ. ನೋವು ಮಾತ್ರ ಅಷ್ಟಕ್ಕಷ್ಟೆ. ಗಾಯವಿಲ್ಲ, ಜ್ವರವಿಲ್ಲ. ‘ಎಲ್ಲೋ ಉಳುಕಿರಬೇಕು’ ಎಂದು ಎಣ್ಣೆ ತಿಕ್ಕಿಸಿಕೊಂಡು ಓಡಾಡುತ್ತಾರೆ. 1868ರಲ್ಲಿ ಫ್ರಾನ್ಸಿನ ನರವೈದ್ಯ ಶಾರ್ಕೋ ವಿವರಿಸಿದ, ಅವರ ಹೆಸರನ್ನೇ ಹೊತ್ತ ಸ್ಥಿತಿ ಇದು. ಒಳಗೆ ಮೂಳೆಗಳು ಮೆತ್ತಗಾಗಿ ಪುಡಿಯಾಗುತ್ತಿರುತ್ತವೆ. ಆ ಕಾಲಿನ ಮೇಲೆ ಇಡುವ ಒಂದೊಂದು ಹೆಜ್ಜೆಯೂ ಪಾದದ ಕಮಾನನ್ನು ಕುಸಿಯುವಂತೆ ಮಾಡುತ್ತದೆ. ಕೆಲವು ವಾರದಲ್ಲಿ ಅಂಗಾಲು ದೋಣಿಯ ತಳದ ಆಕಾರಕ್ಕೆ ಬಂದು, ಉಬ್ಬಿದ ಕಡೆ ಹುಣ್ಣಾಗಿ, ಹುಣ್ಣು ಮೂಳೆಗೆ ಇಳಿದು, ಕಾಲು ತೆಗೆಯುವ ಮಾತು ಬರುತ್ತದೆ. ಮೊದಲ ವಾರದಲ್ಲೇ ಗುರುತಿಸಿ ಪ್ಲಾಸ್ಟರ್ ಹಾಕಿ ಭಾರ ತಪ್ಪಿಸಿದರೆ ಆ ಪಾದದ ಆಕಾರ ಉಳಿಯುತ್ತದೆ. ಸಕ್ಕರೆ ಕಾಯಿಲೆಯವರ ಒಂದು ಪಾದ ಊದಿ ಬಿಸಿಯಾಗಿದ್ದರೆ, ಬೇರೆ ಕಾರಣ ಸಾಬೀತಾಗುವವರೆಗೆ ಇದೇ ಎಂದು ತಿಳಿದು ಕಾಲು ಊರದೆ ಆಸ್ಪತ್ರೆಗೆ ಹೋಗಬೇಕು.

ಸ್ಪರ್ಶ ಉಳಿದಿದೆಯೇ ಎಂದು ನೋಡಲು ದೊಡ್ಡ ಯಂತ್ರ ಬೇಡ. ಬಾಗುವಾಗ ಸರಿಯಾಗಿ ಹತ್ತು ಗ್ರಾಂ ಒತ್ತಡ ಕೊಡುವ ಒಂದು ನೈಲಾನ್ ದಾರ ಸಾಕು. ರೋಗಿ ಕಣ್ಣು ಮುಚ್ಚಿರುತ್ತಾರೆ, ವೈದ್ಯರು ಅಂಗಾಲಿನ ಅಲ್ಲಲ್ಲಿ ದಾರ ಚುಚ್ಚಿ ‘ತಿಳೀತಾ?’ ಎಂದು ಕೇಳುತ್ತಾರೆ. ಎರಡು ನಿಮಿಷದ ಕೆಲಸ. ಬೆಂಗಳೂರಿನಲ್ಲೇ ರಾಜ್ಯ ಸರ್ಕಾರದ ಎಂಡೋಕ್ರೈನಾಲಜಿ ಸಂಶೋಧನಾ ಸಂಸ್ಥೆ ಇದೆ, ಅಲ್ಲಿ ಪಾದದ ಚಿಕಿತ್ಸೆಗೆಂದೇ ವಿಭಾಗವಿದೆ. ಆದರೂ ವರ್ಷಕ್ಕೊಮ್ಮೆ ಕಣ್ಣು ತೋರಿಸುವ ಸಕ್ಕರೆ ರೋಗಿಗಳು ಪಾದ ತೋರಿಸುವುದಿಲ್ಲ. ಡಾಕ್ಟರ ಮುಂದೆ ಸಾಕ್ಸ್ ಬಿಚ್ಚಲು ಸಂಕೋಚ. ಹೊರಗೆ ನಲವತ್ತು ಜನ ಕಾಯುತ್ತಿರುವಾಗ ಬಿಚ್ಚಿ ಎನ್ನಲು ಡಾಕ್ಟರಿಗೂ ಪುರುಸೊತ್ತಿಲ್ಲ.

ನೋವಿಲ್ಲದ ಪಾದ ಹೇಗೆ ಹಾಳಾಗುತ್ತದೆ ಎಂಬುದನ್ನು ಜಗತ್ತಿಗೆ ಕಲಿಸಿದ್ದು ನಮ್ಮ ನೆರೆಯ ವೆಲ್ಲೂರು. ಕೊಲ್ಲಿ ಬೆಟ್ಟದಲ್ಲಿ 1914ರಲ್ಲಿ ಹುಟ್ಟಿದ ಡಾಕ್ಟರ್ ಪಾಲ್ ಬ್ರ್ಯಾಂಡ್ 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದರು. ಕುಷ್ಠರೋಗಿಗಳ ಕೈಕಾಲಿನ ಬೆರಳುಗಳು ರೋಗದಿಂದ ಕೊಳೆತು ಬೀಳುತ್ತವೆ ಎಂದೇ ಆಗ ನಂಬಿಕೆ. ಹಾಗಲ್ಲ, ನೋವು ತಿಳಿಯದ ಕಾರಣ ಪೆಟ್ಟು, ಸುಟ್ಟಗಾಯ, ಒತ್ತಡಗಳಿಗೆ ಸಿಕ್ಕಿ ನಾಶವಾಗುತ್ತವೆ ಎಂದು ಅವರು ತೋರಿಸಿಕೊಟ್ಟರು. ಅಂಗಾಲಿನ ಒತ್ತಡ ಹಂಚುವ ಮೈಕ್ರೋಸೆಲ್ಯುಲಾರ್ ರಬ್ಬರಿನ ಚಪ್ಪಲಿಗಳು ಬಳಕೆಗೆ ಬಂದದ್ದು ಆ ಕೆಲಸದಿಂದ. ಮುಂದೆ ಅಮೆರಿಕಕ್ಕೆ ಹೋಗಿ ಅದೇ ತಿಳಿವಳಿಕೆಯನ್ನು ಸಕ್ಕರೆ ಕಾಯಿಲೆಯವರ ಪಾದಕ್ಕೂ ಅನ್ವಯಿಸಿದರು. ಇವತ್ತು ಅಂಗಡಿಗಳಲ್ಲಿ ‘ಎಂಸಿಆರ್ ಚಪ್ಪಲಿ’ ಎಂದು ಕೇಳಿ ಕೊಳ್ಳುವುದರ ಹಿಂದೆ ಈ ಇತಿಹಾಸವಿದೆ.

ಬಿಸಿ ಪಾದದ ನಂತರ ತಣ್ಣನೆ ಪಾದ. ಕಾಲು ಇದ್ದಕ್ಕಿದ್ದಂತೆ ಸಹಿಸಲಾಗದ ಹಾಗೆ ನೋಯಲು ಶುರುವಾಗಿ, ಬಿಳಿಚಿಕೊಂಡು ಅಥವಾ ನೀಲಿಗಟ್ಟಿ, ಮುಟ್ಟಿದರೆ ಹಿಮದಂತಿದ್ದು, ಬೆರಳು ಆಡಿಸಲು ಆಗದಿದ್ದರೆ ಅದು ಕಾಲಿನ ಹೃದಯಾಘಾತ ಎಂದೇ ತಿಳಿಯಿರಿ. ರಕ್ತನಾಳಕ್ಕೆ ಹೆಪ್ಪು ಅಡ್ಡಬಂದಿದೆ. ಲಯ ತಪ್ಪಿದ ಹೃದಯದಿಂದ, ಚಿಕ್ಕಂದಿನ ರುಮ್ಯಾಟಿಕ್ ಜ್ವರದಲ್ಲಿ ಹಾಳಾದ ಕವಾಟದಿಂದ ಹೆಪ್ಪು ಹೊರಟು ಬಂದಿರಬಹುದು. 2020, 2021ರ ಕೋವಿಡ್ ಅಲೆಗಳಲ್ಲಿ ವೈದ್ಯರು ಇಂಥ ಕಾಲುಗಳನ್ನು ಬಹಳ ಕಂಡರು. ರಕ್ತವಿಲ್ಲದೆ ಸ್ನಾಯು ತಾಳುವುದು ಸುಮಾರು ಆರು ಗಂಟೆ. ಪಾದದ ಬೆನ್ನಿನ ಮೇಲೆ, ಹೆಬ್ಬೆರಳು ಮತ್ತು ಪಕ್ಕದ ಬೆರಳಿನ ಮೂಳೆಗಳ ನಡುವೆ ಮೆಲ್ಲಗೆ ಎರಡು ಬೆರಳಿಟ್ಟರೆ ನಾಡಿ ಸಿಗುತ್ತದೆ. ಕೆಲವರಿಗೆ ಹುಟ್ಟಿನಿಂದಲೇ ಅಲ್ಲಿ ನಾಡಿ ತಿಳಿಯುವುದಿಲ್ಲ, ಆದ್ದರಿಂದ ಎರಡೂ ಕಾಲು ಹೋಲಿಸಿ ನೋಡಬೇಕು. ಆದರೆ ನಾಡಿ ಹುಡುಕುತ್ತ ಹೊತ್ತು ಕಳೆಯಬೇಡಿ. ತಣ್ಣಗಿದೆ, ಬಣ್ಣ ಹೋಗಿದೆ ಎಂಬುದಷ್ಟೇ ಆಸ್ಪತ್ರೆಗೆ ಹೊರಡಲು ಸಾಕು.

ಇದೇ ತೊಂದರೆ ನಿಧಾನವಾಗಿ ಬರುವುದೂ ಉಂಟು. ಬೀಡಿ ಸಿಗರೇಟು ಸೇದುವ ನಡುವಯಸ್ಸಿನ ಗಂಡಸಿಗೆ ಇನ್ನೂರು ಗಜ ನಡೆದರೆ ಅಂಗಾಲಿನ ಕಮಾನೋ ಮೀನಖಂಡವೋ ಹಿಡಿದುಕೊಳ್ಳುತ್ತದೆ, ನಿಂತರೆ ಬಿಡುತ್ತದೆ. ವಯಸ್ಸು ನಲವತ್ತೈದರೊಳಗಿದ್ದರೆ, 1908ರಲ್ಲಿ ಲಿಯೋ ಬರ್ಗರ್ ವಿವರಿಸಿದ ಕಾಯಿಲೆಯನ್ನು ಶಂಕಿಸಬೇಕು. ಇದರಲ್ಲಿ ತಂಬಾಕೇ ನಾಳಗಳನ್ನು ಮುಚ್ಚಿಸುತ್ತದೆ. ಪೂರ್ತಿ ಬಿಟ್ಟವರ ಕಾಲು ಉಳಿದಿದೆ. ಕಡಿಮೆ ಮಾಡಿಕೊಂಡೆ ಎನ್ನುವವರಿಗೆ ಆ ಭರವಸೆ ಕೊಡಲಾಗದು.

ಉಳಿದ ಕಾರಣಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಸೊಂಟದಲ್ಲಿ ನರ ಒತ್ತಿದ್ದರೆ ಸೊಂಟ ನೋಯದೆ ಪಾದವಷ್ಟೇ ನೋಯಬಹುದು. ಮುಂಭಾಗ ಕಿರಿದಾದ ಶೂ ಹಾಕುವವರಿಗೆ ಮೂರನೇ ನಾಲ್ಕನೇ ಬೆರಳ ನಡುವೆ ಕರೆಂಟ್ ಹೊಡೆದಂತಾದರೆ ಅಲ್ಲಿನ ನರ ದಪ್ಪವಾಗಿದೆ, ಮೊದಲು ಶೂ ಬದಲಿಸಿ. 2006ರಲ್ಲಿ ಚಿಕುನ್‌ಗುನ್ಯ ಕರ್ನಾಟಕದ ಲಕ್ಷಾಂತರ ಜನರನ್ನು ಹಿಡಿದಾಗ ಜ್ವರ ಬಿಟ್ಟು ತಿಂಗಳುಗಳಾದರೂ ಹರಡು, ಪಾದ ಹಿಡಿದುಕೊಂಡು ನಡೆದವರನ್ನು ನಾವೆಲ್ಲ ನೋಡಿದ್ದೇವೆ. ಮಳೆಗಾಲದ ಜ್ವರದ ಹಿಂದೆ ಕಾಲು ನೋವು ಬಂದರೆ ಅದನ್ನು ನೆನಪಿಡಿ. ಮೂತ್ರದ ಸೋಂಕಿಗೋ ಭೇದಿಗೋ ಸಿಪ್ರೊಫ್ಲಾಕ್ಸಸಿನ್, ಲೀವೊಫ್ಲಾಕ್ಸಸಿನ್ ಜಾತಿಯ ಮಾತ್ರೆ ತೆಗೆದುಕೊಳ್ಳುತ್ತಿರುವಾಗ ಹಿಮ್ಮಡಿಯ ಹಿಂದಿನ ದಪ್ಪ ಸ್ನಾಯುರಜ್ಜು ನೋಯತೊಡಗಿದರೆ ಮಾತ್ರೆ ನಿಲ್ಲಿಸಿ ವೈದ್ಯರಿಗೆ ತಿಳಿಸಿ. ಆ ರಜ್ಜು ಹರಿಯುವ ಅಪಾಯದ ಬಗ್ಗೆ ಅಮೆರಿಕದ ಔಷಧ ನಿಯಂತ್ರಕರು 2008ರಲ್ಲೇ ಗಂಭೀರ ಎಚ್ಚರಿಕೆ ಹೊರಡಿಸಿದ್ದಾರೆ. ಹಿಮ್ಮಡಿ ನೋವಿನ ಜೊತೆ ಬೆಳಗಿನ ಹೊತ್ತು ಸೊಂಟ ಬಿಗಿಯುವ ಯುವಕರು ಸಂಧಿವಾತದ ತಜ್ಞರನ್ನು ಕಾಣಬೇಕು. ಇನ್ನು ಅಂಗಾಲುರಿ ಇದ್ದ ಮಾತ್ರಕ್ಕೆ ಸಕ್ಕರೆ ಕಾಯಿಲೆಯೇ ಆಗಬೇಕಿಲ್ಲ. ಕೂನೂರಿನ ಪ್ರಯೋಗಶಾಲೆಯಲ್ಲಿ ಕೆಲಸ ಮಾಡಿದ ಪೋಷಣ ವಿಜ್ಞಾನಿ ಸಿ. ಗೋಪಾಲನ್ 1946ರಲ್ಲೇ ಬಡವರ ಅಂಗಾಲುರಿಗೆ ಬಿ ಗುಂಪಿನ ಜೀವಸತ್ವಗಳ ಕೊರತೆಯ ನಂಟನ್ನು ತೋರಿಸಿದ್ದರು. ಇವತ್ತು ಬರಿಯ ಸಸ್ಯಾಹಾರಿಗಳಲ್ಲಿ, ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುವವರಲ್ಲಿ ಬಿ12 ಕಡಿಮೆಯಾಗಿ ಕಾಲು ಉರಿಯುವುದು ಸಾಮಾನ್ಯ. ಅದನ್ನು ರಕ್ತ ಪರೀಕ್ಷೆಯಲ್ಲಿ ಪತ್ತೆಹಚ್ಚಬಹುದು, ಚಿಕಿತ್ಸೆಯೂ ಅಗ್ಗ.

ಕಾರಣ ತಿಳಿಯುವ ಮೊದಲು ಕೆಲವನ್ನು ಮಾಡಲೇಬಾರದು. ಸ್ಪರ್ಶ ಕಡಿಮೆ ಇರುವ ಕಾಲನ್ನು ಬಿಸಿನೀರಿನ ಟಬ್ಬಿನಲ್ಲಿ ಇಡಬೇಡಿ, ಬಿಸಿನೀರಿನ ಚೀಲದ ಶಾಖವೂ ಬೇಡ. ಎಷ್ಟು ಬಿಸಿ ಎಂದು ಆ ಕಾಲಿಗೆ ತಿಳಿಯುವುದಿಲ್ಲ, ಚರ್ಮ ಬೆಂದುಹೋಗುತ್ತದೆ. ಕಾಲಾಣಿಯನ್ನು ಬ್ಲೇಡಿನಿಂದ ಕೆತ್ತಬೇಡಿ, ಆಣಿ ಕರಗಿಸುವ ಪಟ್ಟಿಯನ್ನೂ ಸಕ್ಕರೆ ಕಾಯಿಲೆಯವರು ಅಂಟಿಸಬಾರದು. ಬೆಂಗಳೂರಿನ ಬೀದಿ ಬೀದಿಯಲ್ಲೂ ‘ಪುತ್ತೂರು ಕಟ್ಟು’ ಎಂಬ ಫಲಕ ಕಾಣುತ್ತದೆ, ಆಂಧ್ರದ ಆ ಊರಿನ ಹೆಸರಿನ ಮೇಲೆ ಜನಕ್ಕೆ ನಂಬಿಕೆಯೂ ಇದೆ. ಬಿರುಕು ಬಿಟ್ಟ ಮೂಳೆಯನ್ನು, ಶಾರ್ಕೋ ಪಾದವನ್ನು, ರಕ್ತ ಹರಿಯದ ಕಾಲನ್ನು ತಿಕ್ಕಿ ಬಿಗಿಯಾಗಿ ಕಟ್ಟಿದರೆ ಉಳಿಯಬೇಕಾದ ಕಾಲೂ ಹೋಗುತ್ತದೆ. ಏನು ಎಂದು ತಿಳಿದುಕೊಳ್ಳದೆ ಕಟ್ಟು ಹಾಕಿಸಿಕೊಳ್ಳಬೇಡಿ, ಅಷ್ಟೇ ನನ್ನ ಬಿನ್ನಹ.

ವೈದ್ಯರ ಬಳಿ ಹೋಗುವಾಗ ದಿನಾ ಹಾಕುವ ಚಪ್ಪಲಿ ಅಥವಾ ಶೂವನ್ನೇ ಹಾಕಿಕೊಂಡು ಹೋಗಿ. ಅಟ್ಟೆ ಎಲ್ಲಿ ಸವೆದಿದೆ ಎಂಬುದು ನೀವು ಭಾರ ಹಾಕುವ ರೀತಿಯನ್ನು ಹೇಳುತ್ತದೆ. ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ ಜೊತೆಗಿರಲಿ. ನೋವು ಶುರುವಾಗುವ ಮೊದಲಿನ ಎರಡು ವಾರದಲ್ಲಿ ಏನೇನು ಬದಲಾಯಿತು, ಹೊಸ ಚಪ್ಪಲಿಯೋ, ಹೊಸ ಕೆಲಸವೋ, ಜ್ವರವೋ, ದೂರದ ಯಾತ್ರೆಯೋ, ನೆನಪು ಮಾಡಿಕೊಂಡು ಹೇಳಿ. ಖಾಸಗಿ ಆಸ್ಪತ್ರೆಯ ಖರ್ಚು ಭರಿಸಲಾಗದವರಿಗೆ ಶಿವಾಜಿನಗರದ ಬೌರಿಂಗ್ ಆಸ್ಪತ್ರೆ ಹತ್ತಿರದಲ್ಲೇ ಇದೆ.

ಮನೆಯಲ್ಲಿ ಸಕ್ಕರೆ ಕಾಯಿಲೆಯ ಅಪ್ಪ, ಅಮ್ಮ, ಅಜ್ಜಿ ಇದ್ದರೆ ಇವತ್ತೇ ಅವರ ಎರಡೂ ಅಂಗಾಲನ್ನು, ಬೆರಳ ಸಂದುಗಳನ್ನು ಬೆಳಕಿನಲ್ಲಿ ನೋಡಿ, ಎರಡನ್ನೂ ಮುಟ್ಟಿ ಹೋಲಿಸಿ. ಬಗ್ಗಿ ನೋಡಿಕೊಳ್ಳಲು ಅವರಿಗೆ ಆಗುವುದಿಲ್ಲ, ಕಣ್ಣೂ ಮಂಜಾಗಿರುತ್ತದೆ. ಒಂದು ಪಾದ ಬಿಸಿಯಾಗಿ ಊದಿದ್ದರೆ ನಾಳೆಗೆ ಮುಂದೂಡದೆ ವೈದ್ಯರಿಗೆ ತೋರಿಸಿ. ಒಂದು ಪಾದ ತಣ್ಣಗಾಗಿ ಬಿಳಿಚಿಕೊಂಡಿದ್ದರೆ ಮಾತ್ರೆ, ಎಣ್ಣೆ, ಶಾಖ ಯಾವುದೂ ಬೇಡ. ಆ ಕ್ಷಣವೇ 108ಕ್ಕೆ ಕರೆ ಮಾಡಿ.